‘ಗರ್ಲ್ಸ್’ ನೋಡಿದವರಿಗೆ: ಹ್ಯಾನಾ ಇಷ್ಟ ಆಗದಿದ್ದರೆ ಅದು ಸೀರೀಸ್‌ನ ಸೋಲಾ?

ಸಂಜೆಮಳೆ

ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒದ ‘ಗರ್ಲ್ಸ್’ ಆರೂ ಸೀಸನ್ ನೋಡಿ ಮುಗಿಸಿದೆ. 2012ರಿಂದ 2017ರ ತನಕ ಬಂದ ಕಾಮಿಡಿ. ಹುಟ್ಟುಹಾಕಿದ್ದು, ಮುಖ್ಯ ಪಾತ್ರವಾದ ಹ್ಯಾನಾ ಆಗಿ ನಟಿಸಿದ್ದು, ಎಷ್ಟೋ ಎಪಿಸೋಡ್ ಬರೆದು ನಿರ್ದೇಶಿಸಿದ್ದು ಲೀನಾ ಡನಮ್. ಶುರುವಾದಾಗ ಆಕೆಗೆ 25 ವರ್ಷ. ಕಥೆ ನ್ಯೂಯಾರ್ಕಿನ ನಾಲ್ವರು ಹುಡುಗಿಯರದ್ದು: ಹ್ಯಾನಾ, ಮಾರ್ನಿ, ಜೆಸ್ಸಾ, ಶೋಶಾನಾ. ಓದಿದವರು, ಮನೆ ಕಡೆ ಅನುಕೂಲ ಇರುವವರು, ತಮ್ಮನ್ನು ಬಿಟ್ಟು ಬೇರೆಯವರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳದವರು.

ಯಾರನ್ನು ಕೇಳಿದರೂ ಒಂದೇ ಮಾತು. ಎರಡು ಎಪಿಸೋಡ್‌ಗೆ ಬಿಟ್ಟೆ, ಒಬ್ಬಳೂ ಇಷ್ಟ ಆಗಲಿಲ್ಲ ಅಂತ. ಇದು ಸರಿಯಾದ ದೂರು ಅಂತ ನನಗೆ ಅನ್ನಿಸುವುದಿಲ್ಲ.

ಮೊದಲ ಎಪಿಸೋಡ್ ತೆಗೆದುಕೊಳ್ಳಿ. ಮಿಶಿಗನ್‌ನಿಂದ ಬಂದ ಹ್ಯಾನಾಳ ಅಪ್ಪ ಅಮ್ಮ ಊಟಕ್ಕೆ ಕೂತಾಗ, ಇನ್ನು ದುಡ್ಡು ಕೊಡುವುದಿಲ್ಲ ಎನ್ನುತ್ತಾರೆ. ಕಾಲೇಜು ಮುಗಿದು ಎರಡು ವರ್ಷ ಆಗಿದೆ, ಇವಳು ಸಂಬಳ ಇಲ್ಲದ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ರಾತ್ರಿ ಅಮಲಿನಲ್ಲಿ ಅವರ ಹೋಟೆಲ್ ರೂಮಿಗೆ ಹೋಗಿ, ಬರೆದ ಪುಟಗಳನ್ನು ಕೈಗಿಟ್ಟು, ನಾನು ನನ್ನ ಪೀಳಿಗೆಯ ದನಿ ಇರಬಹುದು ಎನ್ನುತ್ತಾಳೆ. ಎರಡು ವರ್ಷ ತಿಂಗಳಿಗೆ 1,100 ಡಾಲರ್ ಕೊಡಿ ಎನ್ನುತ್ತಾಳೆ. ಬೆಳಿಗ್ಗೆ ಎದ್ದರೆ ಅಪ್ಪ ಅಮ್ಮ ಹೊರಟುಹೋಗಿದ್ದಾರೆ. ಇವಳಿಗೆ ಅಂತ ಇಟ್ಟ ಕವರ್ ಪಕ್ಕದಲ್ಲೇ ರೂಮ್ ಕ್ಲೀನ್ ಮಾಡುವವರಿಗೆ ಅಂತ 20 ಡಾಲರ್ ಇದೆ. ಅದನ್ನೂ ಎತ್ತಿಕೊಂಡು ಹೋಗುತ್ತಾಳೆ.

ಇದನ್ನು ಬರೆದವರಿಗೆ ಹ್ಯಾನಾ ಎಂಥವಳು ಅಂತ ಗೊತ್ತಿಲ್ಲ ಅಂತೀರಾ? ಗೊತ್ತಿದ್ದೇ ತೋರಿಸಿದ್ದಾರೆ. ‘ದಿ ಸೊಪ್ರಾನೋಸ್’ ಸೀರೀಸ್‌ನ ಮಾಫಿಯಾ ನಾಯಕ ಟೋನಿ ಸೊಪ್ರಾನೊ ಮಗಳಿಗೆ ಕಾಲೇಜು ತೋರಿಸೋಕೆ ಕರ್ಕೊಂಡು ಹೋಗಿ, ನಡುವೆ ಒಬ್ಬನ ಕತ್ತು ಬಿಗಿದು ಕೊಂದು ಬರುತ್ತಾನೆ. ಎಂಥ ಪಾತ್ರ ಅಂತ ಹೊಗಳುತ್ತೇವೆ. 20 ಡಾಲರ್ ಎತ್ತಿದ ಹುಡುಗಿಯನ್ನು ಮಾತ್ರ ಸಹಿಸಲು ಆಗುವುದಿಲ್ಲ.

ಪಿಕ್ಚರ್‌ಹುಚ್ಚ

ಟೋನಿ ಜೊತೆ ಹೋಲಿಕೆ ಕೂಡಿಬರಲ್ಲ. ಅವನು ಮಾಡಿದ್ದಕ್ಕೆಲ್ಲ ಬೆಲೆ ಇದೆ. ಹೆಂಡತಿ, ಮಕ್ಕಳು, ನಿದ್ದೆ, ಎಲ್ಲಾ ಕೆಡುತ್ತದೆ. ಹ್ಯಾನಾ ಏನು ಕಳ್ಕೊಂಡಳು? ಅಯೋವಾದಲ್ಲಿ ಅಮೆರಿಕದ ಅತಿ ಹೆಸರಾಂತ ಬರವಣಿಗೆ ಕೋರ್ಸ್‌ಗೆ ಸೀಟು ಸಿಗುತ್ತದೆ, ಅರ್ಧಕ್ಕೆ ಬಿಟ್ಟು ಬರುತ್ತಾಳೆ. ಕೊನೆಯ ಸೀಸನ್‌ನಲ್ಲಿ ಊರಾಚೆ ಒಂದು ಕಾಲೇಜಿನವರು ಕರೆದು ಪಾಠ ಮಾಡೋ ಕೆಲಸ ಕೊಡುತ್ತಾರೆ. ಕೆಟ್ಟವಳು ಅನ್ನೋದಕ್ಕಲ್ಲ ನನ್ನ ತಕರಾರು. ಕಥೆ ಬರೆದವರು ಪ್ರತಿ ಸಲ ಅವಳನ್ನು ಎತ್ತಿ ನಿಲ್ಲಿಸುತ್ತಾರೆ, ಅದಕ್ಕೆ.

ಇನ್ನೊಂದು. ನಾಲ್ಕೂ ನಟಿಯರ ಮನೆ ನೋಡಿ. ಡನಮ್ ಅಪ್ಪ ಅಮ್ಮ ಇಬ್ಬರೂ ನ್ಯೂಯಾರ್ಕಿನ ಹೆಸರಾಂತ ಕಲಾವಿದರು. ಮಾರ್ನಿ ಮಾಡಿದ ಆಲಿಸನ್ ವಿಲಿಯಮ್ಸ್ ಆಗ ಎನ್‌ಬಿಸಿ ರಾತ್ರಿ ಸುದ್ದಿ ಓದುತ್ತಿದ್ದ ಬ್ರಯಾನ್ ವಿಲಿಯಮ್ಸ್ ಮಗಳು. ಶೋಶಾನಾ ಆದ ಜೋಸಿಯಾ ಮ್ಯಾಮೆಟ್ ನಾಟಕಕಾರ ಡೇವಿಡ್ ಮ್ಯಾಮೆಟ್ ಮಗಳು. ಜೆಸ್ಸಾ ಆದ ಜೆಮೈಮಾ ಕರ್ಕ್ ಅಪ್ಪ ‘ಬ್ಯಾಡ್ ಕಂಪನಿ’ ಬ್ಯಾಂಡಿನ ಡ್ರಮ್ಮರ್. ದೊಡ್ಡ ಮನೆ ಮಕ್ಕಳ ಬಗ್ಗೆ ದೊಡ್ಡ ಮನೆ ಮಕ್ಕಳೇ ಮಾಡಿದ ಸೀರೀಸ್. ಹೊರಗಿನವರ ಕಣ್ಣು ಅದರಲ್ಲಿ ಎಲ್ಲಿಂದ ಬರಬೇಕು?

ಸಂಜೆಮಳೆ

ಒಳಗಿದ್ದವರಿಗೇ ಒಳಗಿನ ಕೊಳೆ ಚೆನ್ನಾಗಿ ಗೊತ್ತಿರೋದು ಅಲ್ವಾ? ಮೂರನೇ ಸೀಸನ್‌ನಲ್ಲಿ ಹ್ಯಾನಾಳ ಪುಸ್ತಕದ ಎಡಿಟರ್ ಸಾಯುವ ಎಪಿಸೋಡ್ ನೋಡಿ. ಸುದ್ದಿ ಕೇಳಿದವಳಿಗೆ ಮೊದಲು ಬರುವ ಚಿಂತೆ ತನ್ನ ಪುಸ್ತಕ ಏನಾಗುತ್ತೆ ಅಂತ. ಜೊತೆಗಾರ ಆಡಮ್‌ಗೆ ಇದು ಅರ್ಥವೇ ಆಗುವುದಿಲ್ಲ. ಆಡಮ್‌ನ ಸೋದರಿ ಕ್ಯಾರೊಲಿನ್ ಇವಳ ಕಲ್ಲುಮನಸ್ಸು ಕರಗುತ್ತಾ ಅಂತ ಪರೀಕ್ಷೆ ಮಾಡೋಕೆ, ಚಿಕ್ಕವಯಸ್ಸಿನಲ್ಲಿ ಸತ್ತ ಒಬ್ಬ ಹುಡುಗಿಯ ಕಥೆ ಕಟ್ಟಿ ಹೇಳುತ್ತಾಳೆ. ಪೂರಾ ಸುಳ್ಳು. ಹ್ಯಾನಾ ಕರಗುವುದಿಲ್ಲ. ಆದರೆ ಕೊನೆಯಲ್ಲಿ ಆಡಮ್ ಮುಂದೆ ಕೂತು, ಅದೇ ಸುಳ್ಳು ಕಥೆಯನ್ನ ತನ್ನ ಬದುಕಿನಲ್ಲಿ ನಡೆದದ್ದು ಅಂತ ದನಿ ಇಳಿಸಿ ಹೇಳುತ್ತಾಳೆ. ನನಗೂ ದುಃಖ ಆಗುತ್ತೆ ಅಂತ ತೋರಿಸಿಕೊಳ್ಳೋಕೆ.

ಅವಳನ್ನು ಎತ್ತಿ ನಿಲ್ಲಿಸುವವರು ಇಂಥ ದೃಶ್ಯ ಬರೀತಾರಾ? ನನಗೆ ಮೈ ಜುಮ್ ಅಂದಿತು. ಹಾಗೆ ಅನ್ನಿಸಲಿ ಅಂತಲೇ ಬರೆದದ್ದು.

ಎರಡನೇಕಾಫಿ

ನಾನು ಮಗಳ ಜೊತೆ ಕೂತು ನೋಡಿದೆ. ನೀವೆಲ್ಲ ಹುಡುಗಿಯರ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಇಡೀ ಸೀರೀಸ್‌ನಲ್ಲಿ ಹತ್ತಿರ ಆದವಳು ಹ್ಯಾನಾಳ ಅಮ್ಮ ಲೊರೀನ್. ಬೆಕಿ ಆನ್ ಬೇಕರ್ ಮಾಡಿರುವುದು.

ಆ ಹೋಟೆಲ್ ರೂಮಿನ ಗಲಾಟೆಯಲ್ಲಿ ಅಪ್ಪ ಮೆತ್ತಗಾಗುತ್ತಾನೆ, ಇನ್ನೂ ಸ್ವಲ್ಪ ದಿನ ಕೊಡೋಣ ಅನ್ನುವ ಹಾಗೆ. ಅಮ್ಮ ಬಗ್ಗುವುದಿಲ್ಲ. ಇಷ್ಟು ವರ್ಷ ದುಡಿದಿದ್ದೀನಿ, ನನಗೂ ಲೇಕ್ ಪಕ್ಕ ಒಂದು ಮನೆ ಬೇಕು, ಅಲ್ಲಿ ಕೂರಬೇಕು ಎನ್ನುತ್ತಾಳೆ. ಮೇಷ್ಟರ ಕೆಲಸ ಮಾಡಿ ರಿಟೈರ್ ಆದ ನನಗೆ ಆ ಮಾತು ಎಷ್ಟು ಹಿಡಿಸಿತು ಅಂತ ಹೇಳೋಕೆ ಆಗಲ್ಲ. ನಮ್ಮ ಕಡೆ ತಾಯಿ ಬಾಯಲ್ಲಿ ಇಂಥ ಮಾತು ಬಂದರೆ ಅವಳನ್ನು ಸ್ವಾರ್ಥಿ ಅಂತಾರೆ. ನಮ್ಮ ಧಾರಾವಾಹಿಗಳಲ್ಲಂತೂ ತಾಯಿ ಅಂದರೆ ಕೊನೆ ಬಳೆ ತನಕ ಬಿಚ್ಚಿ ಕೊಡುವವಳು.

ಹ್ಯಾನಾ ನನಗೂ ಇಷ್ಟ ಆಗಲಿಲ್ಲ. ಆದರೆ ಅವಳನ್ನು ಬೆಳೆಸಿದವರನ್ನು ಬಿಟ್ಟು ಅವಳನ್ನು ಮಾತ್ರ ಬೈಯೋದು ಸರಿಯಲ್ಲ. ಆ ಅಪ್ಪ ಪ್ರತಿ ಸಲ ಬೇಡ ಅನ್ನೋಕೆ ಆಗದೆ ಒದ್ದಾಡುತ್ತಾನೆ ನೋಡಿ. ಆ ಒಳ್ಳೆಯತನವೂ ಮಗಳನ್ನು ಕೆಡಿಸುತ್ತೆ. ಅಪ್ಪನ ಪಾತ್ರ ಮಾಡಿದ ಪೀಟರ್ ಸ್ಕೊಲಾರಿಗೆ 2016ರಲ್ಲಿ ಟಿವಿಯ ಎಮ್ಮಿ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ಜರ್ಸಿ ಕನ್ನಡಿಗ

2012ರಲ್ಲಿ ನಾನು ಜರ್ಸಿ ಸಿಟಿಯಲ್ಲಿ ಎಂಎಸ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ನದಿ ಆಚೆ ನ್ಯೂಯಾರ್ಕಿನಲ್ಲಿ ಈ ಕಥೆ ನಡೀತಾ ಇತ್ತು. ಸ್ಟೂಡೆಂಟ್ ವೀಸಾ ಮೇಲೆ ಓದಿ ಒಪಿಟಿಗೆ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡೋಕೆ ಸಿಗುವ ಅನುಮತಿಗೆ, ಬಂದವರಿಗೆ ಒಂದು ನಿಯಮ ಇದೆ. ಆ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇರುವ ಹಾಗಿಲ್ಲ. ಮೀರಿದರೆ ಅಲ್ಲಿರುವ ಹಕ್ಕೇ ಹೋಗುತ್ತೆ. ಕ್ಯಾಲೆಂಡರ್ ನೋಡಿಕೊಂಡೇ ದಿನ ಕಳೀತಿದ್ವಿ. ಊರಲ್ಲಿ ಬ್ಯಾಂಕಿನ ಲೋನ್ ಬೇರೆ. ದುಡ್ಡು ಮನೆಯಿಂದ ನಮಗೆ ಬರೋದಲ್ಲ, ನಮ್ಮಿಂದ ಮನೆಗೆ ಹೋಗಬೇಕಿತ್ತು.

ಅಂಥ ಹೊತ್ತಲ್ಲಿ ಹ್ಯಾನಾ ಸಂಬಳ ಕೊಡಿ ಅಂತ ಬಾಸ್ ಹತ್ತಿರ ಕೇಳುವ ದೃಶ್ಯ ನೋಡಿದೆ. ಜಾಯ್ ಲಿನ್‌ಗೆ ಕೆಲಸ ಕೊಟ್ಟಿರಲ್ಲ, ನನಗೇಕಿಲ್ಲ ಅಂತಾಳೆ. ಅವಳಿಗೆ ಫೋಟೊಶಾಪ್ ಬರುತ್ತೆ ಅಂತಾನೆ ಬಾಸ್. ನನ್ನ ರೂಮ್‌ಮೇಟ್‌ಗಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕೆಲಸ ಕಲಿತು, ಅಲ್ಲೇ ಇಂಟರ್ನ್ ಆಗಿದ್ದು ಮೇಲೆ ಬಂದ ಏಷ್ಯನ್ ಹುಡುಗಿ ಅವಳು. ಹ್ಯಾನಾ ಹೊರಡುವಾಗ ತಿನ್ನೋಕೆ ಕುಡಿಯೋಕೆ ಏನೋ ತಂದುಕೊಡು ಅಂತ ಕೇಳುವುದಷ್ಟೇ ಅವಳ ಪಾತ್ರ. ನಗು ಯಾರ ಖರ್ಚಿನಲ್ಲಿ? ನನಗೆ ಜಾಯ್ ಲಿನ್ ಕಥೆ ನೋಡಬೇಕಿತ್ತು. ಫೋಟೊಶಾಪ್ ಅವಳು ಯಾವ ರಾತ್ರಿ ಕೂತು ಕಲಿತಳು, ಬಾಡಿಗೆ ಹೇಗೆ ಕಟ್ಟಿದಳು ಅಂತ.

ಸಂಬಳ ಇಲ್ಲದ ಇಂಟರ್ನ್‌ಶಿಪ್ ಹ್ಯಾನಾ ಮೇಲೆ ಆದ ಅನ್ಯಾಯ, ಒಪ್ಪುತ್ತೇನೆ. 2008ರ ಆರ್ಥಿಕ ಕುಸಿತದ ನಂತರ ಹೊಸ ಹುಡುಗರನ್ನು ಬಿಟ್ಟಿ ದುಡಿಸಿಕೊಂಡವರು ತುಂಬಾ ಜನ. ಆದರೆ ಆ ಅನ್ಯಾಯಕ್ಕೆ ಒಳಗಾಗೋಕೂ ಮನೆಯಿಂದ ಯಾರೋ ಬಾಡಿಗೆ ಕಟ್ಟಬೇಕಿತ್ತು. ನಮ್ಮಂಥವರಿಗೆ ಆ ಬಾಗಿಲೇ ಇರಲಿಲ್ಲ.

ರಾತ್ರಿಪಾಳಿ

20 ಡಾಲರ್ ವಿಷಯಕ್ಕೆ ಬರ್ತೀನಿ. ನಮ್ಮಮ್ಮ ಲಾಡ್ಜ್‌ನಲ್ಲಿ ರೂಮ್ ಕ್ಲೀನ್ ಮಾಡ್ತಿದ್ದರು. ಗಿರಾಕಿ ದಿಂಬಿನ ಕೆಳಗೆ ಬಿಟ್ಟುಹೋದ ಹತ್ತು ರೂಪಾಯಿ ನೋಟು ನಮ್ಮ ಮನೆಯಲ್ಲಿ ಹಾಲಾಗುತ್ತಿತ್ತು.

ಸಂಜೆಮಳೆ ಅವರೇ, ಹ್ಯಾನಾ ಕೆಟ್ಟ ಕೆಲಸ ಮಾಡಿದಳು ಅಂತ ಸೀರೀಸ್‌ಗೆ ಗೊತ್ತಿದೆ ಅಂದಿರಿ. ಸರಿ. ಆದರೆ ಆ ದುಡ್ಡು ಯಾರದ್ದು ಅಂತ ಗೊತ್ತಾ ಅದಕ್ಕೆ? ಕ್ಯಾಮೆರಾ ಹ್ಯಾನಾ ಹಿಂದೆ ಬೀದಿಗೆ ಹೋಗುತ್ತೆ. ಕ್ಲೀನ್ ಮಾಡೋಕೆ ಬಂದ ಹೆಂಗಸು ಖಾಲಿ ಟೇಬಲ್ ನೋಡುವುದನ್ನು ತೋರಿಸಲ್ಲ. ಟೋನಿ ಕೊಲ್ಲುವಾಗ ಸಾಯುವವನ ಮುಖವಾದರೂ ಕಾಣುತ್ತೆ.

ಮೊದಲ ಸೀಸನ್‌ನಲ್ಲೇ ಜೆಸ್ಸಾ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರ್ತಾಳಲ್ಲ, ಅಲ್ಲೂ ಹೀಗೇ. ಪಾರ್ಕಿನಲ್ಲಿ ಬೇರೆ ಆಯಾಗಳ ಜೊತೆ ಕೂರುತ್ತಾಳೆ. ಅವರಿಗೆ ಇದೇ ಹೊಟ್ಟೆಪಾಡು. ಇವಳು ಅವರಿಗೆ ಸಂಘ ಕಟ್ಟಿ ಅಂತ ಉಪದೇಶ ಮಾಡ್ತಾ ತನ್ನ ಜೊತೆ ಬಂದ ಮಕ್ಕಳನ್ನೇ ಕಳ್ಕೊಳ್ತಾಳೆ. ಅದೇ ತಪ್ಪು ಅವರಲ್ಲಿ ಯಾರಾದರೂ ಮಾಡಿದ್ದರೆ ಕೆಲಸ ಹೋಗುತ್ತಿತ್ತು, ಇನ್ನೊಂದು ಮನೆಯವರೂ ಸೇರಿಸುತ್ತಿರಲಿಲ್ಲ. ಆಮೇಲೆ ಆ ಹೆಂಗಸರು ಏನಾದರು? ಸೀರೀಸ್‌ಗೆ ಬೇಕಾಗಿಲ್ಲ.

ನಾಲ್ವರು ಕೆಟ್ಟವರಾಗಿರಲಿ, ನನಗೆ ಅಡ್ಡಿಯಿಲ್ಲ. ಅವರ ಕೆಟ್ಟತನ ಯಾರ ಮೇಲೆ ಬೀಳುತ್ತೋ ಅವರನ್ನು ಫ್ರೇಮಿನಿಂದ ಹೊರಗಿಟ್ಟರೆ ಅದು ಅರ್ಧ ಸತ್ಯ.

ತುಂಗಾತೀರ

ರಾತ್ರಿಪಾಳಿ ಅವರ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೆ ಆಗ ಹ್ಯಾನಾಳನ್ನು ಬೈದವರೆಲ್ಲ ಇದೇ ಕಾರಣಕ್ಕೆ ಬೈದರು ಅಂತ ತಿಳಿಯಬೇಡಿ.

ಎರಡನೇ ಸೀಸನ್‌ನಲ್ಲಿ ನಟ ಪ್ಯಾಟ್ರಿಕ್ ವಿಲ್ಸನ್ ಬರುವ ಎಪಿಸೋಡ್ ಇದೆ. ಚೆಂದದ ಮನೆ ಇರುವ ಡಾಕ್ಟರ್, ಅವನ ಜೊತೆ ಹ್ಯಾನಾ ಒಂದೆರಡು ದಿನ ಕಳೆಯುತ್ತಾಳೆ. ಅದು ಬಂದಾಗ ಎದ್ದ ಕೂಗು ಏನು ಗೊತ್ತಾ? ಇಂಥ ಗಂಡಸು ಇಂಥ ಹುಡುಗಿ ಜೊತೆ ಮಲಗುವುದು ನಂಬೋಕೆ ಆಗಲ್ಲ ಅಂತ. ಅವಳ ಸ್ವಾರ್ಥದ ಬಗ್ಗೆ ಅಲ್ಲ, ಅವಳ ಹೊಟ್ಟೆ ತೊಡೆ ಬಗ್ಗೆ. 2014ರ ಜನವರಿಯಲ್ಲಿ ಟಿವಿ ವಿಮರ್ಶಕರ ಸಭೆಯಲ್ಲಿ ಒಬ್ಬ ಪತ್ರಕರ್ತ ಡನಮ್‌ಗೆ ನೇರವಾಗಿ ಕೇಳಿದ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಬೆತ್ತಲೆ ಯಾಕಿದೆ ಅಂತ ಅರ್ಥ ಆಗುತ್ತೆ, ನಿಮ್ಮದರಲ್ಲಿ ಯಾಕೆ ಅಂತ ಆಗಲ್ಲ ಎಂಬ ಧಾಟಿಯಲ್ಲಿ. ಅಂದರೆ ನೋಡುವವನಿಗೆ ಆಸೆ ಹುಟ್ಟಿಸುವ ಮೈ ಆದರೆ ಸರಿ, ಆ ಡಾಕ್ಟರ್ ಮನೆಯಲ್ಲಿ ಸುಮ್ನೆ ಪಿಂಗ್‌ಪಾಂಗ್ ಆಡುವ ಹ್ಯಾನಾಳ ಮಾಮೂಲಿ ಮೈ ಆದರೆ ತಪ್ಪು.

ಪಾತ್ರ ಇಷ್ಟ ಆಗಲಿಲ್ಲ ಎಂಬ ಮಾತಿನ ಕೆಳಗೆ ಇದೂ ಇತ್ತು. ನಾನು ಹುಟ್ಟಿದಾಗಿನಿಂದ ದಪ್ಪಗಿರುವವಳು. ಅಂಥ ಮೈಯನ್ನು ಟಿವಿಯಲ್ಲಿ ಮುಚ್ಚುಮರೆ ಇಲ್ಲದೆ, ಅದರ ಬಗ್ಗೆ ಜೋಕು ಮಾಡದೆ ತೋರಿಸಿದ್ದು ಅದೇ ಮೊದಲು ನಾನು ನೋಡಿದ್ದು. ಆ ಋಣ ನನಗಿದೆ.

ಪಿಕ್ಚರ್‌ಹುಚ್ಚ

ಮೈ ಬಗ್ಗೆ ಬಂದ ಟೀಕೆ ಹೊಲಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣದ ಬಗ್ಗೆ ಬಂದ ಟೀಕೆ ಹಾಗಲ್ಲ. ನ್ಯೂಯಾರ್ಕಿನಂಥ ಊರಲ್ಲಿ ಕಪ್ಪು ಜನರಿಗೆ ಒಂದು ದೊಡ್ಡ ಪಾತ್ರ ಇಲ್ಲ ಅಂತ 2012ರಲ್ಲೇ ಕೇಳಿದರು. ಎರಡನೇ ಸೀಸನ್ ಶುರುವಿಗೆ ಕಪ್ಪು ನಟ ಡೊನಾಲ್ಡ್ ಗ್ಲೋವರ್ ಹ್ಯಾನಾಳ ಗೆಳೆಯನಾಗಿ ಬಂದ, ಅವಳ ಜೊತೆ ಜಗಳ ಆಯಿತು, ನೀನು ಕಪ್ಪು ಅಂತ ನಾನು ಯೋಚನೆಯೇ ಮಾಡಿಲ್ಲ ಅಂತ ಅವಳು ಅಂದಳು, ಅವನು ಹೋದ. ಜಗಳ ಚೆನ್ನಾಗಿ ಬರೆದಿದ್ದಾರೆ. ಆದರೆ ಟೀಕೆಗೆ ಉತ್ತರ ಕೊಡೋಕೆ ಕರೆಸಿ, ಉತ್ತರ ಕೊಟ್ಟ ಮೇಲೆ ಕಳಿಸಿದ ಹಾಗಿತ್ತು.

ಅದೇ ಎಚ್‌ಬಿಒದಲ್ಲಿ 2016ರಲ್ಲಿ ಕಪ್ಪು ನಟಿ, ಬರಹಗಾರ್ತಿ ಇಸಾ ರೇ ‘ಇನ್‌ಸೆಕ್ಯೂರ್’ ಸೀರೀಸ್ ಮಾಡಿದಳು. ಅಲ್ಲೂ ನಾಯಕಿ ತಪ್ಪು ಮಾಡ್ತಾಳೆ, ಸುಳ್ಳು ಹೇಳ್ತಾಳೆ. ಆದರೆ ಮಾಡಿದ್ದು ಬೆನ್ನು ಬಿಡಲ್ಲ.

ಸಂಜೆಮಳೆ

ಗ್ಲೋವರ್ ವಿಷಯ ಒಪ್ಪಿದೆ. ರಾತ್ರಿಪಾಳಿ ಅವರೇ, ಆ ಆಯಾಗಳ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ನನ್ನ ಒಂದು ಮಾತು ಉಳಿದಿದೆ. ಕಾಣದವರನ್ನು ಕಾಣದ ಹಾಗೆಯೇ ತೋರಿಸೋದು ಈ ಹುಡುಗಿಯರ ಕಣ್ಣಿನ ಅಳತೆ. ನಾವು ಅವರ ಕಣ್ಣಿನಿಂದ ನೋಡುತ್ತಾ, ಏನು ತಪ್ಪಿಹೋಯಿತು ಅಂತ ನಮಗೇ ಕಾಣಬೇಕು. ನಿಮಗೆ ಕಂಡಿದೆಯಲ್ಲ.

ರಾತ್ರಿಪಾಳಿ

ನನಗೆ ಕಂಡದ್ದು ಸೀರೀಸ್‌ನಿಂದ ಅಲ್ಲ ಮೇಡಂ, ನಮ್ಮಮ್ಮನಿಂದ. ಆ 20 ಡಾಲರ್ ಎತ್ತಿದ್ದನ್ನು ನೋಡಿ ಎಷ್ಟು ಜನಕ್ಕೆ ಆ ಹೆಂಗಸು ನೆನಪಾದಳು? ಇಲ್ಲಿ ಇಷ್ಟು ಮಾತಾಡಿದ್ದರಲ್ಲಿ ಮೊದಲು ಬಂದದ್ದು ಟೋನಿ.

ಎರಡನೇಕಾಫಿ

ಕೊನೆಯ ಎಪಿಸೋಡ್ ಬಗ್ಗೆ ಯಾರೂ ಬರೆದಿಲ್ಲ. ಹ್ಯಾನಾಗೆ ಈಗ ಕೂಸಿದೆ, ಹಾಲು ಕುಡಿಯುತ್ತಿಲ್ಲ. ಎಲ್ಲದಕ್ಕೂ ಸಿಡುಕುತ್ತಾಳೆ, ಸಹಾಯಕ್ಕೆ ಬಂದ ತಾಯಿಯ ಮೇಲೂ ಹಾರುತ್ತಾಳೆ. ಲೊರೀನ್ ಸರಿಯಾಗಿ ಬೈಯುತ್ತಾಳೆ. ಮನೆ ಬಿಟ್ಟು ನಡೆದು ಹೊರಟವಳಿಗೆ ದಾರಿಯಲ್ಲಿ ಪ್ಯಾಂಟಿಲ್ಲದೆ ಅಳುತ್ತಾ ಬರುವ ಹುಡುಗಿ ಸಿಗುತ್ತಾಳೆ. ಏನೋ ಅನಾಹುತ ಆಗಿದೆ ಅಂದುಕೊಂಡು ಹ್ಯಾನಾ ತನ್ನ ಪ್ಯಾಂಟು, ಶೂ ಬಿಚ್ಚಿ ಕೊಡುತ್ತಾಳೆ. ಆಮೇಲೆ ಗೊತ್ತಾಗುತ್ತೆ, ಹೋಮ್‌ವರ್ಕ್ ಮಾಡು ಅಂತ ಅಮ್ಮ ಹೇಳಿದ್ದಕ್ಕೆ ಓಡಿಬಂದಿದ್ದಾಳೆ. ಅಲ್ಲಿ ಹ್ಯಾನಾ ಆ ಹುಡುಗಿಗೆ ಕೂಗಾಡುತ್ತಾಳೆ, ಅಮ್ಮ ಅಂದರೆ ಏನು ಅಂದುಕೊಂಡಿದ್ದೀಯ ಅನ್ನುವ ಹಾಗೆ. ಬೈಗುಳ ಎಲ್ಲಾ ಲೊರೀನ್‌ದೇ.

ರಾತ್ರಿಪಾಳಿ

ಆ ದೃಶ್ಯ ನನಗೂ ಚೆನ್ನಾಗಿದೆ ಅನ್ನಿಸಿತು ಅಮ್ಮ. ಬರಿಗಾಲಲ್ಲಿ ಮನೆಗೆ ವಾಪಸ್ ಬರ್ತಾಳಲ್ಲ, ಆರು ಸೀಸನ್‌ನಲ್ಲಿ ಅವಳು ಏನಾದರೂ ಕೊಟ್ಟದ್ದು ನೋಡಿದ್ದು ಅಲ್ಲೇ. ‘ಇನ್‌ಸೆಕ್ಯೂರ್’ ಈ ವಾರ ಶುರು ಮಾಡ್ತೀನಿ. ನೋಡಿದವರು ಕಥೆ ಬಿಟ್ಟುಕೊಡಬೇಡಿ.