ಸೆಲೆನೇಟ್ ಫ್ಲಾಸ್ಕ್ ಕೆಂಪಾಗುತ್ತಿಲ್ಲ, ಬ್ಯಾಕ್ಟೀರಿಯಾ ಇಲ್ಲದ ಕಂಟ್ರೋಲ್ ಕೆಂಪಾಗಿದೆ

ಪ್ರಶ್ನೆ:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೆರೆ ಕೆಸರಿನ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ. ಒಂದು ಫ್ಲಾಸ್ಕ್‌ಗೆ ಸೋಡಿಯಂ ಸೆಲೆನೈಟ್, ಇನ್ನೊಂದಕ್ಕೆ ಸೋಡಿಯಂ ಸೆಲೆನೇಟ್. ಎರಡೂ ಸೆಲೆನಿಯಂನ ಲವಣಗಳು, ಬ್ಯಾಕ್ಟೀರಿಯಾ ಅವನ್ನು ಸೆಲೆನಿಯಂ ಆಗಿ ಬದಲಿಸಿದರೆ ದ್ರಾವಣ ಕೆಂಪಾಗುತ್ತದೆ. ಎರಡು ಫ್ಲಾಸ್ಕ್‌ಗಳೂ ಶೇಕರ್ (ಅಲುಗಾಡಿಸುವ ಯಂತ್ರ) ಮೇಲಿವೆ. ಸೆಲೆನೈಟ್ ಚೆನ್ನಾಗಿ ಕೆಂಪಾಯಿತು, ಸೆಲೆನೇಟ್ ಹಾಗೇ ಇದೆ. ಬ್ಯಾಕ್ಟೀರಿಯಾ ಹಾಕದ ಸೆಲೆನೈಟ್ ಕಂಟ್ರೋಲ್ ಕೂಡ ಸ್ವಲ್ಪ ಕೆಂಪಾಗಿದೆ. ಮೀಡಿಯಂನಲ್ಲಿ ಗ್ಲೂಕೋಸ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೊಟ್ಯಾಸಿಯಂ ನೈಟ್ರೇಟ್ ಇವೆ. ಎಲ್ಲಾ ಒಟ್ಟಿಗೆ ಆಟೋಕ್ಲೇವ್ ಮಾಡಿದ್ದು (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧಿ). ಎಲ್ಲಿ ನೋಡಬೇಕು?

ಉತ್ತರ:
ಮೊದಲು ಕಂಟ್ರೋಲ್ ಸರಿ ಮಾಡಿಕೊಳ್ಳಿ. ಅದೇ ಕೆಂಪಾದರೆ ಉಳಿದ ಫಲಿತಾಂಶ ನಂಬುವುದು ಹೇಗೆ? ಆಟೋಕ್ಲೇವ್ ಬಿಸಿಯಲ್ಲಿ ಗ್ಲೂಕೋಸ್ ತಾನೇ ಸೆಲೆನೈಟನ್ನು ಕೆಂಪು ಸೆಲೆನಿಯಂ ಮಾಡಬಲ್ಲದು. ಸಾಲ್ಮೊನೆಲ್ಲಾ ಪತ್ತೆಗೆ ಬಳಸುವ ಸೆಲೆನೈಟ್ ಬ್ರಾತ್‌ ಅನ್ನು ಆಟೋಕ್ಲೇವ್‌ಗೆ ಇಡಬೇಡಿ ಎನ್ನುತ್ತಾರಲ್ವಾ, ಅತಿ ಬಿಸಿಯಾದರೆ ಅಲ್ಲೂ ಕೆಂಪು ಗಸಿ ಕೂರುತ್ತದೆ. ಸೆಲೆನೈಟ್ ದ್ರಾವಣವನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಮೀಡಿಯಂ ತಣ್ಣಗಾದ ಮೇಲೆ ಹಾಕಿ.

ಸೆಲೆನೇಟ್ ಕಥೆಯೇ ಬೇರೆ. ಸೆಲೆನೈಟ್ ಜೀವಕೋಶದೊಳಗಿನ ಗ್ಲುಟಾಥಯೋನ್ ಎಂಬ ಗಂಧಕವಿರುವ ಅಣುವಿನ ಜೊತೆ ಸುಲಭವಾಗಿ ವರ್ತಿಸುತ್ತದೆ, ಹಾಗಾಗಿ ಎಷ್ಟೋ ಬ್ಯಾಕ್ಟೀರಿಯಾ ಗಾಳಿ ಇದ್ದರೂ ಅದನ್ನು ಕೆಂಪು ಮಾಡುತ್ತವೆ. ಸೆಲೆನೇಟನ್ನು ಹೆಚ್ಚಿನವು ಆಕ್ಸಿಜನ್ ಇಲ್ಲದಾಗ, ಉಸಿರಾಟಕ್ಕೆಂದು ಬಳಸುತ್ತವೆ. ನೀವು ಶೇಕರ್ ಮೇಲಿಟ್ಟು ಆಕ್ಸಿಜನ್ ಕೊಟ್ಟಿದ್ದೀರಿ, ಜೊತೆಗೆ ಉಸಿರಾಟಕ್ಕೆ ಒದಗುವ ನೈಟ್ರೇಟ್ ಕೂಡ. ಇವೆರಡು ಸಿಕ್ಕರೆ ಸೆಲೆನೇಟ್ ಯಾರಿಗೆ ಬೇಕು?

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಕೆಸ್ಟರ್ಸನ್ ಜಲಾಶಯದಲ್ಲಿ ಸೆಲೆನಿಯಂ ನಿಜವಾದ ಸಂಕಟವೇ ಆಗಿತ್ತು. ಹೊಲಗಳ ಬಸಿನೀರಿನ ಸೆಲೆನಿಯಂನಿಂದ ಅಲ್ಲಿ 1983ರಲ್ಲಿ ಅಂಗವಿಕಲ ಹಕ್ಕಿಮರಿಗಳು ಕಂಡವು. ಆ ಕಣಿವೆಯ ಬಸಿನೀರಲ್ಲಿ ನೈಟ್ರೇಟ್ ಕೂಡ ಜಾಸ್ತಿ, ಅದು ಖಾಲಿಯಾಗದೆ ಬ್ಯಾಕ್ಟೀರಿಯಾ ಸೆಲೆನೇಟ್‌ಗೆ ಕೈಹಾಕುವುದು ಕಷ್ಟ. ಥಾಯೆರಾ ಸೆಲೆನಾಟಿಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದ್ದೂ ಅಂಥ ನೀರಿನಲ್ಲೇ. ಅದಕ್ಕೆ ಸೆಲೆನೇಟ್‌ಗೂ ನೈಟ್ರೇಟ್‌ಗೂ ಬೇರೆ ಬೇರೆ ಎಂಜೈಮ್ ಇದೆ, ಎರಡನ್ನೂ ಒಟ್ಟಿಗೆ ಮುಗಿಸುತ್ತದೆ. ನನಗಂತೂ ಇದು ಅದ್ಭುತ ಅನ್ನಿಸುತ್ತದೆ.

ನೀವು ನೈಟ್ರೇಟ್ ಬಿಟ್ಟು ಅಮೋನಿಯಂ ಕ್ಲೋರೈಡ್ ಹಾಕಿ. ಗ್ಲೂಕೋಸ್ ಬದಲು ಅಸಿಟೇಟ್ ಅಥವಾ ಲ್ಯಾಕ್ಟೇಟ್. ರಬ್ಬರ್ ಮುಚ್ಚಳದ ಸೀರಮ್ ಬಾಟಲಿಗೆ ನೈಟ್ರೋಜನ್ ಹಾಯಿಸಿ, ಅಲುಗಾಡಿಸದೆ ಇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು: ಕೆಂಪಾದ ಫ್ಲಾಸ್ಕ್ ತೆರೆದರೆ ಬೆಳ್ಳುಳ್ಳಿ ವಾಸನೆ. ಗಸಿಯನ್ನು ಓವನ್‌ನಲ್ಲಿ ಒಣಗಿಸಿದರೆ ಕಪ್ಪಾಯಿತು.

ಉತ್ತರ:
ವಾಸನೆ ಡೈಮೀಥೈಲ್ ಸೆಲೆನೈಡ್‌ನದು ಇರಬಹುದು. ಸ್ವಲ್ಪ ಸೆಲೆನಿಯಂ ಹೀಗೆ ಗಾಳಿಗೆ ಹೋಗುತ್ತದೆ, ಲೆಕ್ಕದಲ್ಲಿ ಕಡಿಮೆ ಬಂದರೆ ಗಾಬರಿ ಬೇಡ. ಮೂಸಿ ನೋಡಬೇಡಿ, ಫ್ಯೂಮ್ ಹುಡ್‌ನಲ್ಲೇ (ಅನಿಲ ಹೊರಗೆಳೆಯುವ ಕಪಾಟು) ತೆರೆಯಿರಿ. ಕೆಂಪು ಸೆಲೆನಿಯಂ ಬಿಸಿಗೆ ಬೂದು-ಕಪ್ಪು ರೂಪಕ್ಕೆ ತಿರುಗುತ್ತದೆ, ವಸ್ತು ಅದೇ. ಕೆಂಪು ಉಳಿಯಬೇಕೆಂದರೆ ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ಬಳಸಿ. ಉಳಿದ ದ್ರಾವಣವನ್ನು ಸಿಂಕ್‌ಗೆ ಸುರಿಯದೆ ಲ್ಯಾಬಿನ ರಾಸಾಯನಿಕ ತ್ಯಾಜ್ಯದ ಡಬ್ಬಿಗೇ ಹಾಕಿ.