ಅಲ್ಪ್ರಾಜೋಲಾಮ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಕುರಿತು, ನಮ್ಮ ಕುಟುಂಬದ ಗುಂಪಿಗೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ದೊಡ್ಡಮ್ಮ ಮಾತನಾಡುತ್ತಿದ್ದೇನೆ. ಸಂದೇಶ ಉದ್ದವಾಗುತ್ತದೆ, ಕೆಲಸದಲ್ಲಿರುವವರು ಬಿಡುವಾದಾಗ ಕೇಳಿರಿ. ಆದರೆ ಪುಣೆಯ ಕೊತ್ರೂಡಿನಲ್ಲಿರುವ, ನನ್ನನ್ನು ದೊಡ್ಡಮ್ಮ ಎನ್ನುವ ಮಗಳು ಮತ್ತು ಅಳಿಯಂದಿರು ದಯವಿಟ್ಟು ಈಗಲೇ ಕೇಳಬೇಕು.

ನಿನ್ನೆ ರಾತ್ರಿ ಅವಳು ಇಲ್ಲಿ ಕೇಳಿದ್ದು ಇಷ್ಟು. ಕೋವಿಡ್ ಕಾಲದಲ್ಲಿ ಆತಂಕಕ್ಕೆಂದು ವೈದ್ಯರು ಬರೆದುಕೊಟ್ಟ 0.5 ಮಿಲಿಗ್ರಾಂ ಅಲ್ಪ್ರಾಜೋಲಾಮ್ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಇಷ್ಟು ವರ್ಷ ತೆಗೆದುಕೊಂಡು, ಶನಿವಾರದಿಂದ ಯಾರನ್ನೂ ಕೇಳದೆ ನಿಲ್ಲಿಸಿದ್ದಾಳೆ. ಈಗ ಕೈ ನಡುಗುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಹಳೆಯ ಕಾಯಿಲೆಯೇ ಮರಳಿತೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ಕುಮಟೆಯ ಅಣ್ಣ, ಉಳಿದ ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕು, ಮನಸ್ಸು ಗಟ್ಟಿ ಮಾಡಿಕೋ, ಎಂಟು ದಿನ ಪ್ರಾಣಾಯಾಮ ಮಾಡಿದರೆ ಚಟ ಬಿಟ್ಟುಹೋಗುತ್ತದೆ ಎಂದು ಬರೆದಿದ್ದಾರೆ. ಅದರ ಕೆಳಗೆ ಹಲವರು ಕೈಮುಗಿದ ಚಿತ್ರ ಹಾಕಿ ಒಪ್ಪಿಗೆಯನ್ನೂ ಸೂಚಿಸಿದ್ದಾರೆ.

ಮಗಳೇ, ಮಾತ್ರೆಗಳನ್ನು ಎಸೆಯಬೇಡ. ಈ ಸಂದೇಶ ಮುಗಿದ ಕೂಡಲೇ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಇಷ್ಟು ಕಾಲ ಇಷ್ಟು ಪ್ರಮಾಣದಲ್ಲಿ ತೆಗೆದುಕೊಂಡು ಶನಿವಾರ ಒಮ್ಮೆಲೇ ನಿಲ್ಲಿಸಿದ್ದೇನೆ, ಈಗ ಹೀಗಾಗುತ್ತಿದೆ ಎಂದು ಹೇಳು. ಅವರು ಸಿಗದಿದ್ದರೆ ನಾಳೆಯವರೆಗೆ ಕಾಯದೆ ಸಾಸೂನ್ ಆಸ್ಪತ್ರೆಗಾದರೂ ಹೋಗಿ ಬನ್ನಿ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿ, ದೇಹ ಸ್ಥಿರವಾದ ಮೇಲೆ ಹಂತಹಂತವಾಗಿ ಇಳಿಸುತ್ತಾರೆ. ಎಷ್ಟರಿಂದ ಆರಂಭಿಸಬೇಕು ಎಂಬುದನ್ನು ಅವರೇ ಹೇಳಬೇಕು, ನಾನಲ್ಲ. ಅಳಿಯಂದಿರೇ, ನಿಮಗೆ ಒಂದು ಮಾತು: ಅವಳಿಗೆ ಫಿಟ್ಸ್ ಬಂದರೆ, ಮಾತು ತೊದಲಿದರೆ, ಇಲ್ಲದ್ದು ಕಂಡಂತೆ ಅಥವಾ ಕೇಳಿದಂತೆ ಆಡಿದರೆ, ತೀವ್ರ ಜ್ವರದೊಂದಿಗೆ ಗೊಂದಲಕ್ಕೊಳಗಾದರೆ, ಬದುಕೇ ಬೇಡವೆಂಬ ಮಾತು ಬಂದರೆ, ಗುಂಪಿನಲ್ಲಿ ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಈ ಜಾತಿಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗ, ಹಿಂದೆಂದೂ ಫಿಟ್ಸ್ ಇಲ್ಲದವರಿಗೂ ಫಿಟ್ಸ್ ಬಂದು ಪ್ರಾಣಕ್ಕೆ ಸಂಚಕಾರವಾದದ್ದುಂಟು. ಹೆದರಿಸಲು ಹೇಳುತ್ತಿಲ್ಲ, ಎಂಟು ದಿನ ಹಲ್ಲು ಕಚ್ಚಿ ಸಹಿಸಿಕೋ ಎಂಬ ಸಲಹೆ ಏಕೆ ಅಪಾಯಕಾರಿ ಎಂಬುದು ಎಲ್ಲರಿಗೂ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಅಣ್ಣ, ನಿಮ್ಮ ಮೇಲಿನ ಗೌರವ ಕಡಿಮೆಯಾಗದಂತೆಯೇ ಹೇಳುತ್ತೇನೆ, ಇಲ್ಲಿ ನಿಮ್ಮ ಮಾತು ಸರಿಯಲ್ಲ. ಅವಳು ತಾನಾಗಿ ಒಂದು ಮಾತ್ರೆಯನ್ನೂ ಹೆಚ್ಚಿಸಿಕೊಂಡವಳಲ್ಲ, ಕದ್ದು ನುಂಗಿದವಳಲ್ಲ, ಅಮಲಿಗಾಗಿ ಹಾತೊರೆದವಳಲ್ಲ. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಂಡಿದ್ದಾಳೆ. ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಕೋಶಗಳ ಉದ್ರೇಕವನ್ನು ತಗ್ಗಿಸುವುದು ಅದರ ಕೆಲಸ. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಮುಂತಾದ ಬೆಂಜೊಡಯಾಜೆಪೀನ್ ಮಾತ್ರೆಗಳು ಆ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತವೆ, ಆದ್ದರಿಂದಲೇ ನುಂಗಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಎದೆ ಹಗುರಾಗುತ್ತದೆ. ದಿನವೂ ಹೀಗೆ ಹೊರಗಿನಿಂದ ನೆರವು ಬರುತ್ತಿದ್ದರೆ ಮಿದುಳು ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡು, ಗಾಬಾಕ್ಕೆ ತಾನು ಸ್ಪಂದಿಸುವುದನ್ನು ತಗ್ಗಿಸಿಕೊಳ್ಳುತ್ತದೆ. ನೆರವು ಒಮ್ಮೆಲೇ ನಿಂತಾಗ ತಡೆಯುವ ಶಕ್ತಿ ಸಾಲದೆ ನರಮಂಡಲವಿಡೀ ಉದ್ರೇಕಗೊಳ್ಳುತ್ತದೆ. ಇದು ಕೆಲವೇ ವಾರಗಳ ನಿತ್ಯ ಬಳಕೆಯಿಂದಲೂ ಆಗಬಹುದು, ಗಟ್ಟಿ ಮನಸ್ಸಿನವರಿಗೂ ಆಗುತ್ತದೆ. ಪ್ರಾಣಾಯಾಮ ಒಳ್ಳೆಯದೇ, ನಾನೂ ಮಾಡುತ್ತೇನೆ, ಆದರೆ ನರಕೋಶಗಳು ಮೊದಲಿನ ಸ್ಥಿತಿಗೆ ಮರಳಲು ಬೇಕಾದ ಕಾಲವನ್ನು ಅದು ಎಂಟು ದಿನಕ್ಕೆ ಇಳಿಸಲಾರದು.

ಇದೇನೂ ಹೊಸ ಸಂಗತಿಯಲ್ಲ. ಈ ಜಾತಿಯ ಮೊದಲ ಮಾತ್ರೆ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದವು. ನಿದ್ದೆಗೂ ಆತಂಕಕ್ಕೂ ಹಿಂದೆ ಕೊಡುತ್ತಿದ್ದ ಬಾರ್ಬಿಟುರೇಟ್ ಮಾತ್ರೆಗಳಿಗಿಂತ ಇವು ಎಷ್ಟೋ ಸುರಕ್ಷಿತ ಎಂಬ ಭರವಸೆಯಲ್ಲಿ ಜಗತ್ತಿನಾದ್ಯಂತ ಬರೆದುಕೊಡಲಾಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೀದರ್ ಆಶ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿ, ರೋಗಿಯ ಅನುಭವವನ್ನು ಕೇಳಿಕೊಂಡು, ಅವರವರ ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿಸುವ ಕ್ರಮವನ್ನು ರೂಪಿಸಿದರು. 1988ರಲ್ಲಿಯೇ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು 2ರಿಂದ 4 ವಾರಕ್ಕಿಂತ ಹೆಚ್ಚು ಕಾಲ ಕೊಡಬಾರದೆಂದು ವೈದ್ಯರಿಗೆ ತಿಳಿಸಿತ್ತು. ಹಾಗಿದ್ದೂ ನಮ್ಮಲ್ಲಿ ಚೀಟಿಯ ಮೇಲೆ "ಮುಂದುವರಿಸಿ" ಎಂದು ಬರೆದು ಕಳುಹಿಸುವುದು ನಿಂತಿಲ್ಲ, ಪರಿಚಯದ ಔಷಧದಂಗಡಿಯವರು ಹಳೆಯ ಚೀಟಿಯ ಮೇಲೆಯೇ ಪಟ್ಟಿಗಟ್ಟಲೆ ಕೊಡುವುದೂ ನಿಂತಿಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರಕಾರಿ ಪಟ್ಟಿಯ ಪ್ರಕಾರ ಅಲ್ಪ್ರಾಜೋಲಾಮ್ ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಮ್ಮ ಸ್ಟೇಷನ್ ರಸ್ತೆಯಲ್ಲಿ ಆ ಪುಸ್ತಕ ತೆರೆದದ್ದನ್ನು ನಾನು ಕಂಡದ್ದು ಅಪರೂಪ. ಅದು ಬೇರೆಯೇ ಪುರಾಣ, ಇಲ್ಲಿ ಬೇಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಯಿಲೆ ಮರಳಿದ್ದೋ, ಮಾತ್ರೆ ನಿಂತದ್ದರ ಪರಿಣಾಮವೋ ಎಂಬುದನ್ನು ನಿರ್ಧರಿಸುವವರು ವೈದ್ಯರೇ ಆದರೂ, ಅವರಿಗೆ ನೆರವಾಗುವಂತೆ ನೀನು ಗಮನಿಸಬಹುದಾದ ವಿಷಯಗಳಿವೆ. ನಿನ್ನ ಹಳೆಯ ಆತಂಕಕ್ಕೆ ಒಂದು ವಿಷಯವಿರುತ್ತಿತ್ತು: ಅಮ್ಮನ ಆಮ್ಲಜನಕದ ಮಟ್ಟ, ಕೆಲಸ ಹೋದೀತೆಂಬ ಭಯ. ಮಾತ್ರೆ ನಿಂತಾಗ ಬರುವ ಆತಂಕ ಹಲವು ಸಲ ವಿಷಯವೇ ಇಲ್ಲದೆ ದೇಹದಿಂದ ಏಳುತ್ತದೆ; ಅದರ ಜೊತೆಗೆ ಹಿಂದೆ ಎಂದೂ ಇಲ್ಲದಿದ್ದ ಲಕ್ಷಣಗಳು, ಅಂದರೆ ಕಿವಿಯಲ್ಲಿ ಗುಂಯ್‌ಗುಡುವುದು, ಬೆಳಕು ಚುಚ್ಚುವುದು, ಕೈಕಾಲು ಜುಮುಜುಮು ಎನ್ನುವುದು, ಸ್ನಾಯುಗಳು ತಾವಾಗಿಯೇ ಅದುರುವುದು ಕಾಣಿಸಿಕೊಳ್ಳಬಹುದು. ನಿಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ನನಗೂ ಇದೇ ಮಾತ್ರೆಯನ್ನು ನಿದ್ದೆಗೆಂದು ಕೊಟ್ಟಿದ್ದರು, ಅದು ಹಲವು ವರ್ಷ ನಡೆಯಿತು ಎಂಬುದು ಈ ಗುಂಪಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ಇಳಿಸುತ್ತಿದ್ದ ಕಾಲದಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿಗೆ ನನ್ನ ಇಡೀ ಮೈ ಬೆಚ್ಚುತ್ತಿತ್ತು. ಕೈಯಲ್ಲಿದ್ದ ಚಹಾ ಬಟ್ಟಲಿನಿಂದ ಬಸಿಗೆ ತುಳುಕುತ್ತಿತ್ತು, ಅದೇ ಹೊತ್ತಿನಲ್ಲಿ ಮನಸ್ಸಿನಲ್ಲಿ ಯಾವ ಭಯವೂ ಇರುತ್ತಿರಲಿಲ್ಲ. ಮುನ್ಸಿಪಲ್ ಶಾಲೆಯಲ್ಲಿ ನಲವತ್ತು ಮಕ್ಕಳ ಗದ್ದಲದ ನಡುವೆ ಪಾಠ ಮಾಡಿದವಳಿಗೆ ಕುಕ್ಕರ್ ಸೀಟಿಯ ಅಂಜಿಕೆ ಎಲ್ಲಿಂದ ಬಂತೆಂದು ವೈದ್ಯರನ್ನು ಕೇಳಿದಾಗ, ಅವರು ಅದನ್ನು ಬರೆದುಕೊಂಡು ಮುಂದಿನ ಕಡಿತವನ್ನು ಎರಡು ವಾರ ಮುಂದಕ್ಕೆ ಹಾಕಿದರು, ಅಷ್ಟೇ.

ಇನ್ನೊಂದು ವಿಷಯ, ಅಲ್ಪ್ರಾಜೋಲಾಮ್ ದೇಹದಿಂದ ಬೇಗ ಹೊರಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸರಾಸರಿ 11 ಗಂಟೆ ಸಾಕು, ಕ್ಲೋನಾಜೆಪಾಮಿಗೆ 30ರಿಂದ 40 ಗಂಟೆ ಬೇಕು, ಡಯಾಜೆಪಾಮ್ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ನಸುಕಿನ ನಾಲ್ಕು ಗಂಟೆಗೆ ಎದೆ ಬಡಿದುಕೊಂಡು ಎಚ್ಚರವಾಗುತ್ತದೆ ಎಂದು ನೀನು ದೀಪಾವಳಿಯಲ್ಲಿ ಹೇಳಿದ್ದೆಯಲ್ಲ, ಅದು ಪ್ರಾಯಶಃ ರಾತ್ರಿಯ ಮಾತ್ರೆಯ ಬಲ ಇಳಿಯುತ್ತಿದ್ದುದರ ಸೂಚನೆ. ಇದನ್ನೂ ವೈದ್ಯರಿಗೆ ಹೇಳು. ಈ ಕಾರಣಕ್ಕಾಗಿಯೇ ಕೆಲವು ವೈದ್ಯರು ಮೊದಲು ಸ್ವಲ್ಪಸ್ವಲ್ಪವಾಗಿ ದೀರ್ಘಕಾಲ ಉಳಿಯುವ ಮಾತ್ರೆಗೆ ಬದಲಾಯಿಸಿ, ಆಮೇಲೆ ಇಳಿಸಲು ತೊಡಗುತ್ತಾರೆ. ನನಗೂ ಹಾಗೆಯೇ ಮಾಡಿದರು. ಆದರೆ ಒಂದರ ಬದಲು ಇನ್ನೊಂದು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಸರಳವಲ್ಲ, ಫೋನಿನಲ್ಲಿ ಹುಡುಕಿ ತಾವೇ ಬದಲಾಯಿಸುವ ಕೆಲಸವಂತೂ ಅಲ್ಲವೇ ಅಲ್ಲ.

ಇಳಿಸುವ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುವುದು. ಅಮೆರಿಕದ ಹಲವು ವೈದ್ಯ ಸಂಘಗಳು ಸೇರಿ 2025ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಆರಂಭದಲ್ಲಿ 2ರಿಂದ 4 ವಾರಗಳಿಗೊಮ್ಮೆ ಆಗಿನ ಪ್ರಮಾಣದ ಶೇಕಡಾ 5ರಿಂದ 10ರಷ್ಟನ್ನು ಕಡಿಮೆ ಮಾಡುವುದನ್ನು ಪರಿಗಣಿಸಿ, ಎರಡು ವಾರಕ್ಕೆ ಶೇಕಡಾ 25ನ್ನು ಮೀರಬೇಡಿ ಎನ್ನುತ್ತದೆ. ಇಲ್ಲಿ "ಆಗಿನ ಪ್ರಮಾಣ" ಎಂಬುದು ಮುಖ್ಯ. ನಿನ್ನದು ದಿನಕ್ಕೆ 1 ಮಿಲಿಗ್ರಾಂ. 0.25ರ ಒಂದು ಮಾತ್ರೆಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡು ಸುಮಾರು 0.06 ಮಿಲಿಗ್ರಾಂ, ಅಂದರೆ ಇಂದಿನ ಲೆಕ್ಕದಲ್ಲಿ ಶೇಕಡಾ 6. ಅದೇ ತುಂಡನ್ನು ದಿನಕ್ಕೆ 0.25ಕ್ಕೆ ಇಳಿದ ಮೇಲೆ ಕಡಿಮೆ ಮಾಡಿದರೆ ಅದು ಶೇಕಡಾ 25. ಮೊದಲು ಸುಲಭವಾಗಿ ಇಳಿದವರು ಕೊನೆಯಲ್ಲಿ, "ಇನ್ನು ಒಂದು ಚೂರು ತಾನೇ, ಬಿಟ್ಟರಾಯಿತು" ಎಂದು ಬಿಟ್ಟು ಒದ್ದಾಡುವುದು ಇದಕ್ಕಾಗಿ. ಲೋಣಾವಳದಿಂದ ಕರ್ಜತಿಗೆ ಘಾಟಿ ಇಳಿಯುವ ರೈಲನ್ನು ನೀನು ನೋಡಿದ್ದೀಯಲ್ಲ, ಎಷ್ಟು ಅವಸರದ ಗಾಡಿಯಾದರೂ ಅಲ್ಲಿ ನಿಧಾನವಾಗಿಯೇ, ನಡುನಡುವೆ ನಿಂತು ಬ್ರೇಕು ನೋಡಿಕೊಂಡೇ ಇಳಿಯುತ್ತದೆ; ಇಲ್ಲಿಯೂ ನಡುವೆ ನಿಲ್ಲಬೇಕಾಗಿ ಬಂದರೆ ಅದು ಸೋಲಲ್ಲ. ಒಟ್ಟು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷವೂ ಮೀರುತ್ತದೆ.

ತುಂಡು ಮಾಡುವುದೂ ಒಂದು ಕುಶಲ ಕೆಲಸ. ಬ್ಲೇಡಿನಿಂದ ಕತ್ತರಿಸಿದರೆ ಒಂದು ತುಂಡು ದಪ್ಪ, ಇನ್ನೊಂದು ಪುಡಿಪುಡಿ. ಔಷಧದಂಗಡಿಯಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದನ್ನು ತೆಗೆದುಕೋ. 0.5ರ ಬದಲು 0.25ರ ಮಾತ್ರೆಗಳನ್ನೇ ಬರೆದುಕೊಡಿ ಎಂದು ಕೇಳು. ಆದರೆ ಪಟ್ಟಿಯ ಮೇಲೆ ಎಸ್‌ಆರ್ ಎಂದಿದ್ದರೆ, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಯಾಗಿದ್ದರೆ, ಅದನ್ನು ಕತ್ತರಿಸಲೇಬಾರದು. ನಾನು ಪ್ರತಿ ದಿನದ ಪ್ರಮಾಣವನ್ನು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಆಯಾ ಚೌಕದಲ್ಲಿ ಪೆನ್ಸಿಲಿನಿಂದ ಬರೆದು, ಕೆಳಗೆ ನಿದ್ದೆ, ನಡುಕ, ಕಿವಿಯ ಶಬ್ದ ಇವುಗಳನ್ನು ಒಂದೊಂದು ಅಕ್ಷರದಲ್ಲಿ ಗುರುತು ಮಾಡುತ್ತಿದ್ದೆ. ಸಂಕಷ್ಟಿಯ ಚಂದ್ರೋದಯದ ಪಕ್ಕದಲ್ಲಿ ಇಂಥ ಲೆಕ್ಕ ನೋಡಿ ಮನೆಗೆ ಬಂದವರು ಹಾಲಿನ ಲೆಕ್ಕವೆಂದು ತಿಳಿಯುತ್ತಿದ್ದರು. ವೈದ್ಯರಿಗೆ ಮಾತ್ರ ಆ ಹಾಳೆಗಳು ನನ್ನ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬಂದವು.

ಗುಂಪಿನ ಉಳಿದವರೂ ತಮ್ಮ ತಮ್ಮ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ತಿರುಗಿಸಿ ಓದಬೇಕೆಂದು ನನ್ನ ಕೋರಿಕೆ. ನಮ್ಮ ದೇಶದಲ್ಲಿ ಈ ಜಾತಿಯ ಔಷಧ ಬೇರೆ ಔಷಧಗಳೊಡನೆ ಬೆರೆತು ಒಂದೇ ಮಾತ್ರೆಯಾಗಿ ಧಾರಾಳವಾಗಿ ಸಿಗುತ್ತದೆ. ಖಿನ್ನತೆಯ ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಜೊತೆ ಅಲ್ಪ್ರಾಜೋಲಾಮ್, ಅಷ್ಟೇ ಏಕೆ, ಹೊಟ್ಟೆ ನುಲಿತಕ್ಕೆ ಕೊಡುವ ಕ್ಲಿಡಿನಿಯಮ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್. ಹೊಟ್ಟೆಯ ಮಾತ್ರೆಯೆಂದು ವರ್ಷಗಟ್ಟಲೆ ತಿಂದವರು ಅದು ಮುಗಿದ ವಾರ ನಿದ್ದೆಗೆಟ್ಟು ನಡುಗಿದರೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಇಂಥ ಜೋಡಿ ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಔಷಧಗಳು ಒಟ್ಟಿಗೆ ಅರ್ಧವಾಗುತ್ತವೆ, ಎಸ್ಸಿಟಾಲೋಪ್ರಾಮನ್ನಾಗಲಿ ಪ್ರೊಪ್ರನೊಲಾಲನ್ನಾಗಲಿ ಥಟ್ಟನೆ ಇಳಿಸುವುದೂ ಸರಿಯಲ್ಲ. ಆದ್ದರಿಂದ ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಗಳಾಗಿ ಬರೆಸಿಕೊಳ್ಳಬೇಕಾಗುತ್ತದೆ. ಮನೆಯ ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಈ ಮಾತ್ರೆಗಳಿಂದ ಅವರು ರಾತ್ರಿ ತೂಕಡಿಸಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಸಂಭವ ಹೆಚ್ಚು. ಹಾಗೆಂದು ಮಕ್ಕಳೇ ಮುಂದಾಗಿ ನಿಲ್ಲಿಸಿಬಿಡುವುದೂ ಅಷ್ಟೇ ಅಪಾಯ.

ಮಡಗಾಂವಿನ ಭಾವ, ನಿದ್ದೆ ಬಾರದಿದ್ದರೆ ಮಾತ್ರೆಯ ಬದಲು ರಾತ್ರಿ ಎರಡು ಪೆಗ್ ಮೇಲು ಎಂದು ನೀವು ತಮಾಷೆಗೆ ಬರೆದಿದ್ದೀರಿ ಎಂದು ನಂಬಿದ್ದೇನೆ. ಮದ್ಯವೂ ಮಿದುಳಿನ ಇದೇ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ; ಮಾತ್ರೆಯ ಜೊತೆ ಸೇರಿದರೆ ಉಸಿರೇ ಕುಗ್ಗಬಹುದು, ಮಾತ್ರೆಯ ಬದಲಿಗೆ ಹಿಡಿದರೆ ಒಂದು ಅವಲಂಬನೆ ಹೋಗಿ ಇನ್ನೊಂದು ಬರುತ್ತದೆ.

ಅಳಿಯಂದಿರೇ, ಮನೆಯಲ್ಲಿ ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಇವತ್ತು ಹೇಗಿದೆ, ಎಷ್ಟು ಇಳಿಯಿತು ಎಂದು ಗಂಟೆಗೊಮ್ಮೆ ಕೇಳಬೇಡಿ. ಕಡಿತ ಮಾಡಿದ ಮೊದಲ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ, ನಡುಕ ಮತ್ತು ತಲೆಸುತ್ತು ಇರುವಷ್ಟು ದಿನ ಅವಳು ಸ್ಕೂಟರ್ ಓಡಿಸದಂತೆ ನೋಡಿಕೊಳ್ಳಿ, ಕಾಫಿಯನ್ನು ಬೆಳಗಿನ ಒಂದು ಲೋಟಕ್ಕೆ ನಿಲ್ಲಿಸಿ. ನಿದ್ದೆಗೆ ಮತ್ತು ಆತಂಕಕ್ಕೆ ಮಾತ್ರೆಯಿಲ್ಲದ ಆಪ್ತ ಚಿಕಿತ್ಸೆಯೂ ಇದೆ, ಸಿಬಿಟಿ ಎನ್ನುತ್ತಾರೆ. ಇಳಿಸುವಾಗ ಅದು ಜೊತೆಗಿದ್ದರೆ ಅನುಕೂಲ, ವೈದ್ಯರನ್ನು ಕೇಳಿ ನೋಡಿ. ನಡುರಾತ್ರಿ ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ.

ವೈದ್ಯರಲ್ಲಿಗೆ ಹೋಗುವಾಗ ಹಳೆಯ ಚೀಟಿಗಳು, ಈಗಿರುವ ಮಾತ್ರೆಯ ಸ್ಟ್ರಿಪ್, ಶೀತಕ್ಕೆ, ನೋವಿಗೆ, ಆಯುರ್ವೇದದ್ದೆಂದು ತೆಗೆದುಕೊಳ್ಳುತ್ತಿರುವ ಬೇರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಗರ್ಭಿಣಿಯಾಗುವ ಯೋಚನೆಯಿದ್ದರೆ ಸಂಕೋಚಪಡದೆ ಅದನ್ನೂ ಹೇಳಬೇಕು, ಇಳಿಸುವ ಕ್ರಮ ಅದರಿಂದ ಬದಲಾಗಬಹುದು. "ಅದೇ ಮಾತ್ರೆ ಮುಂದುವರಿಸಿ" ಎಂದಷ್ಟೇ ಹೇಳಿ ಕಳುಹಿಸಿದರೆ, ಇಳಿಸುವ ಯೋಜನೆಯನ್ನು ದಿನಾಂಕ ಹಾಕಿ ಬರೆದುಕೊಡಿ ಎಂದು ಕೇಳಿ. ಕೊಡದಿದ್ದರೆ ಬೇರೆ ಮನೋವೈದ್ಯರನ್ನು ನೋಡೋಣ, ಆದರೆ ಆ ನಡುವೆ ಮಾತ್ರೆ ಮಾತ್ರ ತಪ್ಪಬಾರದು. ಅವರು ಏನು ಹೇಳಿದರೆಂದು ಸಂಜೆ ನನಗೊಬ್ಬಳಿಗೇ ಫೋನ್ ಮಾಡಿದರೂ ಸಾಕು, ಎಲ್ಲವನ್ನೂ ಗುಂಪಿನಲ್ಲಿ ಹಾಕಬೇಕೆಂದಿಲ್ಲ.