ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಯಾವುದು ಮೇಲೆ, ಯಾವುದು ತಳಕ್ಕೆ?

ತೀರ್ಥಹಳ್ಳಿಯವ: ಈ ಮಳೆ ತೋಟಕ್ಕೆ ಬೋರ್ಡೊ ಔಷಧಿ ಹೊಡೆಯೋಕೂ ಬಿಡ್ಲಿಲ್ಲ ಮಾರಾಯ್ರೆ. ಕರೆಂಟ್ ಇದ್ದಾಗೆಲ್ಲ ಕೂತು 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ 25 ಚಿತ್ರಾನೂ ಮುಗಿಸಿದೆ. ನನ್ನ ಲೆಕ್ಕದಲ್ಲಿ ಮೊದಲು 2006ರ ‘ಕ್ಯಾಸಿನೊ ರಾಯಲ್’. ಆ ಓಟ ನೋಡಿ: ಮುಂದಿನವನು ಸಣ್ಣ ಕಿಂಡೀಲಿ ಕಾಡುಬೆಕ್ಕಿನ ಹಾಗೆ ನುಸುಳ್ತಾನೆ, ಹಿಂದೆ ಬರೋ ಡೇನಿಯಲ್ ಕ್ರೇಗ್ ಗೋಡೇನೇ ಒಡ್ಕೊಂಡು ಬರ್ತಾನೆ. ಬಾಂಡ್ ಎಂಥ ಒರಟ ಅಂತ ಮಾತಿಲ್ಲದೆ ಗೊತ್ತಾಗುತ್ತೆ. ತಳಕ್ಕೆ 2002ರ ‘ಡೈ ಅನದರ್ ಡೇ’. ಕಣ್ಣಿಗೇ ಕಾಣದ ಕಾರಂತೆ! ನಿಮ್ದು?

ಸಾಗರದ ಹುಡುಗಿ: ಕಾರು ಬಿಡಿ, ಅದರಲ್ಲಿ ದೈತ್ಯ ಅಲೆ ಮೇಲೆ ಸವಾರಿ ಮಾಡ್ತಾನಲ್ಲ, ಆ ಗ್ರಾಫಿಕ್ಸ್ ನೋಡಿ ನಗು ತಡೆಯೋಕಾಗ್ಲಿಲ್ಲ. ನಂಗೆ 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಇಷ್ಟ, ಜಾರ್ಜ್ ಲೇಜನ್‌ಬಿ ಬಾಂಡ್ ಆದ ಒಂದೇ ಒಂದು ಚಿತ್ರ. ಮದುವೆ ದಿನವೇ ಹೆಂಡತಿ ಸಾಯ್ತಾಳೆ, ಚಿತ್ರ ಅಲ್ಲಿಗೇ ಮುಗಿಯುತ್ತೆ.

ಹೊಸನಗರ: ‘ಆಕ್ಟೋಪಸ್ಸಿ’ ಮರೆತ್ರಾ? ಉದಯಪುರದಲ್ಲಿ ಆಟೋ ಚೇಸು, ಟೆನಿಸ್ ಆಟಗಾರ ವಿಜಯ್ ಅಮೃತ್‌ರಾಜ್ ರಾಕೆಟ್ಟಲ್ಲೇ ಬಾರಿಸೋದು. ಕೆಟ್ಟದ್ದೇ, ಆದ್ರೂ ನೋಡ್ತೀನಿ.

ತೀರ್ಥಹಳ್ಳಿಯವ: ಅದು ನಂದು ನಡುವಲ್ಲಿದೆ. ಅಪ್ಪಯ್ಯ ಮಾತ್ರ ಈ ಪಟ್ಟಿ ಒಪ್ಪೋದೇ ಇಲ್ಲ. ಅವರಿಗೆ 1968ರ ‘ಜೇಡರ ಬಲೆ’ಯ ರಾಜ್‌ಕುಮಾರ್ ಬಿಟ್ರೆ ಬೇರೆ ಬಾಂಡೇ ಇಲ್ಲ.